ತುಳಿ

ಒಂಬತ್ತಕ್ಕೇ ಬಂದು ಕೂತೆ. ಅವರು ಬರುವುದು ಮೂರಕ್ಕಂತೆ.
ಜೊತೆಯವರೆಲ್ಲ ಲೂರ್ದಿನ ಗುಹೆ ನೋಡಲು ಹೋದರು,
ರಸ್ತೆ ಮುಚ್ಚುವ ಮುನ್ನ ನನ್ನೊಬ್ಬಳನ್ನೇ
ಪಿರೆನೀಸಿನ ಎರಡನೇ ತಿರುವಿನಲ್ಲಿ ಇಳಿಸಿ.

ಕಿತ್ತಳೆ ಅಂಗಿಯ ಬಾಸ್ಕ್ ಹುಡುಗರು, ಕುರಿಗಳ ಕೊರಳಗಂಟೆ,
ಮಡಚುವ ಕುರ್ಚಿ, ಚೀಸು, ಬೆಳಗ್ಗೆಯೇ ವೈನು.
ಪಕ್ಕದಲ್ಲಿ ಮಾಯ್ತೇ, ಎಂಬತ್ತು ದಾಟಿದಾಕೆ.
ಬೆಂದ ಮೊಟ್ಟೆ ಸುಲಿದು ಅರ್ಧ ನನಗೆ ಕೊಟ್ಟಳು,
ಉಪ್ಪಿನ ಪೊಟ್ಟಣ ಮಾತ್ರ ತನ್ನ ಮಡಿಲಲ್ಲೇ ಇಟ್ಟುಕೊಂಡು.
ನನಗೆ ಫ್ರೆಂಚ್ ಬಾರದು. ಅವಳಿಗೆ ಅದೊಂದು ಅಡ್ಡಿಯೇ ಅಲ್ಲ.
ಎರಡೂ ಮುಷ್ಟಿಯಲ್ಲಿ ಪೆಡಲು ತಿರುಗಿಸಿ ಕೇಳಿದಳು: ನೀನು?
ಐವತ್ತೆಂಟಾಯಿತು, ಸೈಕಲ್ ಬರುವುದಿಲ್ಲ ಎಂದು ತಲೆಯಾಡಿಸಿದೆ.
ನಕ್ಕಳು, ತುಟಿಗೆ ಅಂಟಿದ ಹಳದಿ ಪುಡಿಯ ಸಮೇತ.

ಮೊದಲು ಬಂದದ್ದು ಜಾಹೀರಾತಿನ ಮೆರವಣಿಗೆ:
ಲಾರಿಯ ಮೇಲೆ ಲಾರಿಯಷ್ಟೇ ದೊಡ್ಡ ಕೋಳಿ
ಬಿಸ್ಕತ್ತು, ಕೀಚೈನು, ಸೋಪಿನ ಪುಡಿ ಎಸೆಯುತ್ತ.
ಡಾಕ್ಟರರಂತಿದ್ದ ಗೃಹಸ್ಥರೊಬ್ಬರು
ಬಟ್ಟೆ ಟೋಪಿಯೊಂದಕ್ಕಾಗಿ ಚರಂಡಿಗೆ ಹಾರಿದರು.

ಆಮೇಲೆ ಹೆಲಿಕಾಪ್ಟರು. ಆಮೇಲೆ ಮೋಟಾರುಬೈಕು.
ಆಮೇಲೆ
ನನ್ನ ಕನ್ನಡಕದ ಮೇಲೆ ಯಾರದೋ ಬಾವುಟ.
ಮೊರದಲ್ಲಿ ಅಕ್ಕಿ ಕೇರಿದಂತೆ ಸರಪಳಿಗಳ ಸದ್ದು,
ಬೆವರಿನ ಗಾಳಿ, ತರಚಿದ ಒಂದು ಮೊಣಕೈ.
ಬಟ್ಟೆ ಸರಿಸುವಷ್ಟರಲ್ಲಿ
ಹಳದಿ ಅಂಗಿ ಮೇಲಿನ ತಿರುವಿನಲ್ಲಿತ್ತು.
ಆರು ಗಂಟೆ ಕಾದದ್ದು ಆರು ಉಸಿರಿಗೆ.

ಜನ ಕುರ್ಚಿ ಮಡಚತೊಡಗಿದರು.
ಮಾಯ್ತೇ ಏಳಲಿಲ್ಲ. ರೇಡಿಯೋ ಕಿವಿಗಿಟ್ಟು ಲೆಕ್ಕ ಹಿಡಿದಿದ್ದಳು.
ಇನ್ನೊಬ್ಬ ಇದ್ದಾನೆ ಎಂದು ಬೆರಳೆತ್ತಿದಳು,
ಕೊಟ್ಟಿಗೆಗೆ ಬಳಿದು ಉಳಿದ ಸುಣ್ಣದ ಡಬ್ಬಿ ಕುರ್ಚಿಯಡಿಯಿಂದ ಎಳೆದು
ಕುಂಚ ನನ್ನ ಕೈಗಿಟ್ಟಳು.
ರಸ್ತೆ ತುಂಬ ಗೆಲ್ಲುವವರ ಹೆಸರು. ಎರಡು ಮೊಳ ಖಾಲಿ ಇತ್ತು.
ಪೊಲೀಸಿನವನು ಆಕಾಶ ನೋಡಿದ.

ಅವನ ಹೆಸರು ನನಗೇನು ಗೊತ್ತು?
ಯಾರಿಗಾದರೂ ಹೊಂದುವ ಒಂದು ಕ್ರಿಯಾಪದ ಬರೆದೆ, ಮಂಡಿಯೂರಿ:
ತುಳಿ.
ತ-ದ ಕೊಂಬು ಅತಿಯಾಗಿ ಬಾಗಿತು,
ಳ-ದ ಗುಡಿಸು ಸೋರಿ ಇಳಿಜಾರಿಗೆ ಹರಿಯಿತು.

ಬಂದ.
ಬೆನ್ನಿಗೇ, ನೂರು ಗಜದಾಚೆ, ಪೊರಕೆ ಕಟ್ಟಿಕೊಂಡ ವ್ಯಾನು,
ಸೋತವರನ್ನು ಗುಡಿಸಿಕೊಂಡು ಹೋಗಲೆಂದೇ.
ಇನ್ನೂ ಹುಡುಗ. ಕೆನ್ನೆಯಲ್ಲಿ ಉಪ್ಪಿನ ಗೆರೆ,
ಮಂಡಿಯ ಮೇಲೆ ಒಣಗಿದ ರಕ್ತ.
ಅವನನ್ನು ಪೂರ್ತಿ ನೋಡಿದೆ. ಅಷ್ಟು ನಿಧಾನ.
ಮಾಯ್ತೇ ಬೆಳಗಿನಿಂದ ಮೊದಲ ಸಲ ಎದ್ದು ನಿಂತು ಬೈದಳು,
ಶಾಲೆಗೆ ಹೊತ್ತಾಯಿತು ಎನ್ನುವ ದನಿಯಲ್ಲಿ.
ಅವನು ಕೆಳಗೆ ನೋಡಿದ. ಹುಬ್ಬು ಹಾರಿಸಿದ. ಓದಲಾರ.
ತುಳಿದ.

ಒದ್ದೆ ಸುಣ್ಣ ಗಾಲಿಗೆ ಹತ್ತಿ
ಮಾರಿಗೊಂದು ಬಿಳಿ ಗುರುತು, ಮಾರಿಗೊಂದು ಕೊಂಬಿನ ತುದಿ
ಮಸುಕಾಗುತ್ತ ಬೆಟ್ಟ ಹತ್ತಿತು.
ವ್ಯಾನು ಬಂದು ಗುಡಿಸಿನ ಮೇಲೆ ಹರಿದುಹೋಯಿತು.

ಬಸ್ಸಿಗಿನ್ನೂ ಹೊತ್ತಿತ್ತು.
ಅವಳ ಊರುಗೋಲಿಗೆ ನನ್ನ ಹೆಜ್ಜೆ ಹೊಂದಿಸಿ
ಎಣಿಸುತ್ತ ಹತ್ತಿದೆವು, ಅವಳು ಅವಳ ಭಾಷೆಯಲ್ಲಿ, ನಾನು ನನ್ನದರಲ್ಲಿ.
ಹದಿನಾಲ್ಕು, ಮುಗಿಯಿತು ಎಂದೆ.
ಅವಳು ಬಗ್ಗಿದಳು, ಅಂಗೈಯಲ್ಲಿ ಡಾಂಬರು ಸವರಿದಳು,
ಇನ್ನೊಂದಿದೆ ಎಂದು ಬೆರಳೆತ್ತಿದಳು.