ಹತ್ತಿರದ್ದು

ಕಾರಟಗಿಯ ಅಕ್ಕಿ ಗಿರಣಿಗೊಂದು ಶೆಡ್ಡು,
ಉದ್ದ ನಲವತ್ತೈದು ಮೀಟರ್, ಅಗಲ ಹದಿನೆಂಟು.
ಕಂಬಕ್ಕೆ ತೊಲೆ, ತೊಲೆಗೆ ಪರ್ಲಿನ್, ಪರ್ಲಿನ್ನಿಗೆ ತಗಡು
ಎಲ್ಲ ಮೊದಲು ನನ್ನ ಪರದೆಯ ಕತ್ತಲಲ್ಲಿ ನಿಲ್ಲಬೇಕು,
ಗಂಗಾವತಿ ಬಸ್‌ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮೇಲೆ,
ಫ್ಯಾನು ತಿರುಗಿದರೆ ಕಾಗದ ಹಾರುವ,
ನಿಂತರೆ ಬೆವರು ಕೀಬೋರ್ಡಿಗಿಳಿಯುವ ಕೋಣೆಯಲ್ಲಿ.

ಬಾಣವನ್ನು ಗೆರೆಯ ಸಮೀಪ ಒಯ್ದರೆ ಸಾಕು,
ರವಿಕೆಯ ಟಿಚ್ ಗುಂಡಿ ಕೂತಂತೆ ಟಕ್ಕನೆ ಹಿಡಿಯುತ್ತದೆ.
ತುದಿಗೆ ಹಳದಿ ಚೌಕ,
ನಡುವಿಗೆ ತ್ರಿಕೋನ,
ಎರಡು ಗೆರೆ ಹಾಯ್ದಲ್ಲಿ ಬಾಯ್ದೆರೆದ ಕತ್ತರಿ,
ಲಂಬಕ್ಕೆ ಅಪ್ಪನ ಮೂಲೆಮಟ್ಟದಂಥದೇ ಗುರುತು.
ಸದ್ದಿಲ್ಲ.
ಆದರೂ ಬೆರಳಿಗೆ ಕೇಳಿಸುತ್ತದೆ.

ಅಪ್ಪ, ಗೌಂಡಿ ಮೌಲಾಸಾಬ.
ಅವನಿಗೆ ಯಾವುದೂ ತಾನಾಗಿ ಬಂದು ಅಂಟಲಿಲ್ಲ.
ದಾರ ಎಳೆದು, ಒಂದು ಕಣ್ಣು ಮುಚ್ಚಿ,
ತೂಗುಗುಂಡು ಅಲ್ಲಾಡುವುದು ಬಿಡುವ ತನಕ
ಕಿವಿಗೆ ಸಿಕ್ಕಿಸಿದ ಬೀಡಿ ತೆಗೆಯದೆ ಕಾಯುತ್ತಿದ್ದ.
ಗಾಳಿ ಎದ್ದ ದಿನ ಗೋಡೆ ಎರಡು ವರಸೆ ಕಡಿಮೆ.
"ದಾರ ಸುಳ್ಳು ಹೇಳಂಗಿಲ್ಲ, ಶರೀಫಾ.
ಎಲ್ಲಿ ಕಟ್ಟೀರಿ ಅಂತ ಕೇಳಂಗೂ ಇಲ್ಲ."
ಅಂದದ್ದು ಯಾವಾಗಲೋ, ಯಾರ ಮನೆಯ ಗೋಡೆಗೋ.
ನಾನು ಇಟ್ಟಿಗೆಗೆ ನೀರು ಚಿಮುಕಿಸುತ್ತಿದ್ದೆ,
ಅರ್ಧ ಕಾಲಿನ ಮೇಲೆ.

ಮಂಗಳವಾರ ಮೂರೂವರೆಗೆ ಫೋನು.
ಗಾದಿಲಿಂಗಪ್ಪ, ಐದನೇ ಕಂಬದ ನೆತ್ತಿಯಿಂದ,
ಹಿಂದೆ ಕ್ರೇನಿನ ಗೊರಗೊರ:
"ಮೇಡಮ್ಮಾರ, ತೂತಿಗೆ ತೂತು ಕೂಡವಲ್ದು.
ಬೋಲ್ಟು ಒಂದು ತಟ್ಟಿ ದಾಟಿ ನಿಂತುಬಿಟ್ಟೈತಿ.
ನಿಮ್ಮ ಕಂಪ್ಯೂಟರಿನ್ಯಾಗ ಕೂಡೈತೇನು, ಒಂದೀಟು ನೋಡ್ರಿ."
ಹಿಂದೆಯೇ ಒಂದು ಫೋಟೋ:
ಗ್ರಹಣ ಹಿಡಿದ ತೂತು.

ನೋಡಿದೆ. ಕೂಡಿತ್ತು.
ದೂರದಿಂದ ನೋಡಿದರೆ ಎಲ್ಲವೂ ಕೂಡಿಯೇ ಇರುತ್ತದೆ.
ಮೌಸಿನ ಗಾಲಿ ಹೊರಳಿಸಿದೆ, ಹತ್ತಿರ, ಇನ್ನೂ ಹತ್ತಿರ,
ಕಂಬ ಬೀದಿಯಾಯಿತು, ತೂತು ಬಾವಿಯಾಯಿತು,
ಆಗ ಕಂಡಿತು ನೋಡಿ ಕಪ್ಪು ಸೀಳು:
ಎಂಟು ಮಿಲಿಮೀಟರ್.
ಒಂದು ಸೋನಾ ಮಸೂರಿ ಕಾಳು
ಹೊಟ್ಟಿನ ಸಮೇತ ಕಾಲುಚಾಚಿ ಮಲಗುವಷ್ಟು.

ತಟ್ಟೆಯ ದಪ್ಪ ಎಂಟು.
ಒಳಮೈ ಹಿಡಿಯಬೇಕಾದಲ್ಲಿ ಹೊರಮೈ ಹಿಡಿದಿದ್ದೆ.
ಆ ಸಂಜೆ ಕರೆಂಟು ಹೋಗಿ ಯುಪಿಎಸ್ಸು ಕುಯ್‌ಗುಡುತ್ತಿತ್ತು,
ಇನ್ನೈದೇ ನಿಮಿಷ ಅನ್ನುತ್ತ.
ಬಾಣ ಒಯ್ದೆ, ಚೌಕ ಮಿನುಗಿತು, ಒತ್ತಿದೆ.
ಆಮೇಲೆ ನಕಲು:
ಐದರಿಂದ ಒಂಬತ್ತನೇ ಕಂಬದವರೆಗೆ
ಕೂದಲೆಳೆಯೂ ಆಚೀಚೆ ಇಲ್ಲದ ಹಾಗೆ
ಅದೇ ತಪ್ಪು.

ಸೂಜಿಗಲ್ಲನ್ನು ಬೈದು ಏನು ಬಂತು.
ಹತ್ತಿರದ್ದನ್ನು ಎಳೆ ಅಂದಿದ್ದೆ, ಎಳೆಯಿತು.

"ಗ್ಯಾಸ್ ಕಟ್ಟರ್ ಹಚ್ಚಿ ತೂತು ಅಗಲ ಮಾಡ್ಲೇನ್ರಿ?
ಯಾರಿಗೆ ಕಾಣತೈತಿ ಮ್ಯಾಲೆ?"
ಬೇಡ ಅಂದೆ. ಐದು ತಟ್ಟೆ ಹೊಸದು,
ದುಡ್ಡು ನನ್ನ ಪಗಾರದಲ್ಲಿ.
ಮಾಲೀಕರು ಕೇಳುವ ಮುಂಚೆ ನಾನೇ ಹೇಳಿದೆ,
ಹೇಳಿದ ಮೇಲೆ ಎರಡು ಸಲ ನೀರು ಕುಡಿದೆ.

ಒಂದು ದಿನ ಎಲ್ಲ ಸ್ನ್ಯಾಪು ಆರಿಸಿ ಕೂತೆ,
ಅಪ್ಪನ ಹಾಗೆ ಬರೀ ಕಣ್ಣಲ್ಲಿ.
ಸಂಜೆಗೆ ಒಂದು ಮೆಟ್ಟಿಲೂ ನೆಟ್ಟಗಿರಲಿಲ್ಲ.
ಮತ್ತೆ ಹಚ್ಚಿದೆ. ಎರಡೇ: ತುದಿ, ಕತ್ತರಿ.
ಒತ್ತುವ ಮುಂಚೆ ಒಂದು ಉಸಿರು.
ಆ ಉಸಿರಿಗೆ ಮೆನುವಿನಲ್ಲಿ ಗುಂಡಿ ಇಲ್ಲ.

ಭಾನುವಾರ ಕಾರಟಗಿ ಬಸ್ಸು ಹತ್ತಿದೆ.
ಹೊಟ್ಟಿನ ದೂಳು, ಕುದಿಸಿದ ಭತ್ತದ ವಾಸನೆ,
ಏಣಿ ಹತ್ತುವಾಗ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡೆ.
ಗಾದಿಲಿಂಗಪ್ಪ ಪಾನಾದ ಚೂಪು ಬಾಲ ತೂತಿಗೆ ತೂರಿ
ತೊಲೆಯ ಕಿವಿ ಹಿಂಡಿದಂತೆ ಒಮ್ಮೆ ತಿರುವಿದ.
ಕಬ್ಬಿಣ ನರಳಿತು, ಸರಿಯಿತು.
ಪಾನಾ ಹೊರಗೆಳೆದ ಕೂಡಲೇ
ಎರಡು ತಟ್ಟೆ ದಾಟಿ ಬಿಸಿಲು ಬಂತು,
ಅವನ ಅಂಗಿಯ ಜೇಬಿನ ಮೇಲೆ ಬಿತ್ತು,
ಪೂರಾ ದುಂಡಗಲ್ಲ,
ಬೋಲ್ಟಿಗೆ ಸಾಲುವಷ್ಟು.