ಮೂರು ಕಾಲಂ

ಕಾನ್ಸುಲ್ ಸಾಹೇಬರು ಅಂದದ್ದು ಇಷ್ಟೇ:
'ಚೆಂದದ ಊರು, ಒಂಚೂರು ತೂಕಡಿಸುತ್ತದೆ,
ನನ್ನಜ್ಜಿಯ ಬಂದರಿನ ಹಾಗೆ.'
ಬರೆದು ತಂದವ ಹಿಲರಿ ಮಥಾಯಸ್.
ಮೂರು ಕಾಲಮ್ಮಿಗೆ ಕತ್ತರಿಸಿದವ ನಾನು.
ಚೆಂದಕ್ಕೆ ಜಾಗ ಸಾಲಲಿಲ್ಲ. ಅಜ್ಜಿಯಂತೂ
ಆರನೇ ಪುಟಕ್ಕೂ ಬರಲಿಲ್ಲ.

'ಮಂಗಳೂರು ತೂಕಡಿಸುತ್ತಿದೆ: ವಿದೇಶಿ ರಾಯಭಾರಿ'
(ರಾಯಭಾರಿಯೆಂದು ಬಡ್ತಿ ಕೊಟ್ಟದ್ದೂ ನಾನೇ.)

ಬೆಳಿಗ್ಗೆ ಏಳಕ್ಕೇ ಫೋನು.
ಹಂಚಿನ ವರ್ತಕರ ಸಂಘ ಖಂಡಿಸಿತು.
ಧಕ್ಕೆಯಿಂದ ಒಬ್ಬರು,
'ನಸುಕಿನ ಮೂರಕ್ಕೆ ಬರಲಿ ಆ ಜನ,
ಯಾರು ಮಲಗಿದ್ದಾರೆ ನೋಡುವ.'
ಎದುರು ಪತ್ರಿಕೆ ನಮ್ಮ ತಲೆಬರಹವನ್ನೇ ನಂಬಿ
ಸಂಪಾದಕೀಯ ಬರೆಯಿತು.
ಅದು ಸಾಲದೆಂದು ನಾವೂ ಒಂದು ಬರೆದೆವು,
ಇನ್ನೂ ಖಾರವಾಗಿ.

ಆತ ಆಗಲೇ ಬಜ್ಪೆಯಿಂದ ಹಾರಿಯಾಗಿತ್ತು.
ಕನ್ನಡ ಬಾರದವ. ಗೊತ್ತಾಗಲೇ ಇಲ್ಲ ಅವನಿಗೆ
ಅವನ ಮಾತಿಗೆ ನಾವೆಷ್ಟು ಎಚ್ಚೆತ್ತೆವೆಂದು.

ಈಗ ಮಧ್ಯಾಹ್ನ ಎರಡೂವರೆ.
ಹಂಪನಕಟ್ಟೆಯ ಅಂಗಡಿ ಶಟರುಗಳು ಅರ್ಧ ಇಳಿದಿವೆ.
ನಾಳೆಯ ಖಂಡನೆಗಳ ಪ್ರೂಫಿನ ಮೇಲೆ
ಕೆನ್ನೆಯಿಟ್ಟು ಹಿಲರಿ
ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾನೆ.
ಎಬ್ಬಿಸಬಾರದು.
ಎದ್ದ ಮೇಲೆ ಕೇಳಬೇಕು,
ಆ ಅಜ್ಜಿಯ ಬಂದರು ಯಾವುದಂತೆ,
ಅಲ್ಲಿ ಬಂಗುಡೆ ಸಿಗುತ್ತದಂತಾ.