ಒಂಬತ್ತರ ಲೆಕ್ಕ

ಹೆಬ್ಬೆರಳು ಈಚೆಗಿರಲಿ, ಎನ್ನುತ್ತಾನೆ ಪ್ಯಾರೇಜಾನ್,
ನಾಲ್ಕು ಬೆರಳಿನ ಜೊತೆಗೇ. ಸುತ್ತಿ ಹಿಡಿಯಬೇಡ.
ಪ್ಲಗ್ಗು ನಾಲ್ಕೂ ಬಿಚ್ಚಿ ಹಳೇ ಬನಿಯನ್ನಿನ ಮೇಲೆ ಇಟ್ಟಾಗಿದೆ,
ಬ್ಯಾಟರಿ ವೈರು ಕಳಚಿ ನೇತಾಡುತ್ತಿದೆ,
ಹ್ಯಾಂಡಲ್ಲು ಒದೆಯುವ ಮಾತೇ ಇಲ್ಲ ಇವತ್ತು.
ಆದರೂ ಹೇಳುತ್ತಾನೆ. ಅವನ ಬಲ ಹೆಬ್ಬೆರಳು
ಬುಡದಲ್ಲೇ ವಾಲಿದೆ; ಒಂದು ಚಳಿಯ ಬೆಳಗ್ಗೆ
ಯಾರದೋ ಲ್ಯಾಂಡ್‌ಮಾಸ್ಟರ್ ಕೊಟ್ಟ ಉತ್ತರ ಅದು.

ಅರಸೀಕೆರೆ, ಕೊಬ್ಬರಿ ಮಂಡಿಯ ಹಿಂದಿನ ತಗಡಿನ ಶೆಡ್ಡು.
ಎಪ್ಪತ್ತೆಂಟರ ಅಂಬಾಸಿಡರ್ ಬಾನೆಟ್ಟು ಎತ್ತಿಕೊಂಡು ನಿಂತಿದೆ.
ಟ್ಯಾಪೆಟ್ ಕವರು ತೆಗೆದರೆ ಒಳಗೆ ಎಂಟು ರಾಕರು
ಕಾಕಂಬಿ ಬಣ್ಣದ ಎಣ್ಣೆ ಮೆತ್ತಿಕೊಂಡು,
ಬೆಳಕು ಬಿದ್ದದ್ದು ಗೊತ್ತೇ ಆಗದವರ ಹಾಗೆ.

ಬಾಣಾವರದ ಬೀಗರು ಹೋದ ವಾರ ನಕ್ಕಿದ್ದರು:
"ಏನ್ರೀ ಡ್ರೈವರ್, ಹೊಲಿಗೆ ಮಿಷನ್ನಲ್ಲಿ ಕರ್ಕೊಂಡೋಗ್ತೀರಾ ಮದುಮಗಳ್ನ?"
ಅದಕ್ಕೇ ಬಂದೆ. ಸದ್ದು ಪೂರಾ ಹೋಗಬೇಕು ಎಂದೆ,
ಕಿವಿಯ ಹತ್ತಿರ ಬಾಯಿಟ್ಟು, ಕೂಗಿ. ಅವನಿಗೀಗ ಕೇಳಿಸದು.
ನಲವತ್ತು ವರ್ಷ ತೂತುಬಿದ್ದ ಸೈಲೆನ್ಸರುಗಳ ದೂರು ಕೇಳಿ
ಕಿವಿಯೇ ಒಂದು ದಿನ ಷಟರ್ ಎಳೆದುಕೊಂಡಿತಂತೆ.

"ಪೂರಾ ಹೋದ್ರೆ ವಾಲ್ವು ಸುಟ್ಟೋಯ್ತದೆ," ಎಂದ.
"ಸಂದು ಬೇಕು. ಸಂದಿದ್ರೆ ಸದ್ದು.
ಬ್ಯಾಡ ಅಂದ್ರೆ ಎತ್ತಿನ ಗಾಡಿ ತಗೋ."

ಹುಡುಗ ಲೋಕಿ ಇವತ್ತು ಬಂದಿಲ್ಲ. ಹ್ಯಾಂಡಲ್ಲು ನನ್ನ ಕೈಗೆ.
ಬಂಪರಿನ ತೂತಿನೊಳಗೆ ತೂರಿಸಿ, ತಡವಿ,
ಕಚ್ಚಿಕೊಂಡಿತು ಅನ್ನಿಸಿದ ಮೇಲೆ ಮೆಲ್ಲಗೆ ಎಳೆದೆ.
ಪ್ಲಗ್ಗಿನ ತೂತುಗಳಲ್ಲಿ ಉಸ್ಸ್ ಎಂದು ಗಾಳಿ,
ಅರ್ಧ ಪೆಟ್ರೋಲು, ಅರ್ಧ ಹಳೇ ಟ್ರಂಕು ತೆರೆದ ವಾಸನೆ.
ಅವನು ಬೆರಳೆತ್ತಿದರೆ ತಿರುಗಿಸಬೇಕು,
ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು.

ಗೋಡೆಯ ಮೇಲೆ ಸೀಮೆಸುಣ್ಣದ ಮಗ್ಗಿ:
ಎಂಟು ಪೂರ್ತಿ ತೆರೆದಾಗ ಒಂದರ ಸಂದು ನೋಡು,
ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು.
ಯಾವಾಗಲೂ ಒಂಬತ್ತಾಗಬೇಕು, ಅಷ್ಟೇ.
ಯಾಕೆ ಎಂದು ಒಮ್ಮೆ ಕೇಳಿದ್ದೆ.
ಒಬ್ಬ ಒತ್ತಿಸಿಕೊಂಡಾಗ ಇನ್ನೊಬ್ಬನಿಗೆ ಬಿಡುವು, ಎಂದಿದ್ದ.

ಇಲ್ಲಿಂದ ಹಾಸನ ಮುಟ್ಟುವಷ್ಟರಲ್ಲಿ
ಈ ಎಂಜಿನ್ನು ಲಕ್ಷ ಸುತ್ತು ಸುತ್ತುತ್ತದೆ.
ನಾನು ಒಂದನ್ನೂ ನೋಡಿದವನಲ್ಲ, ಹದಿನೇಳು ವರ್ಷದಲ್ಲಿ.
ಇವತ್ತು ಎರಡೇ ಸುತ್ತು. ಮುಕ್ಕಾಲು ಗಂಟೆ.
ಹುಬ್ಬಳ್ಳಿ ಕಡೆಯ ಗಾಡಿ ಬಂದು, ನಿಂತು, ಹೋಯಿತು.
ಒಂದು ರಾಕರು ತಲೆಬಾಗುವುದನ್ನು ನೋಡಿದೆ,
ಸ್ಪ್ರಿಂಗು ಕುಗ್ಗುವುದನ್ನು,
ಇನ್ನು ಬಗ್ಗಲಾರೆ ಎಂಬಲ್ಲಿಂದ ಅದು ಏಳುವುದನ್ನು.

"ನೋಡಿಲ್ಲಿ," ಎಂದು ಕರೆದು ಗೇಜಿನ ಪಟ್ಟಿ ನನ್ನ ಕೈಗಿಟ್ಟ.
ಎಳೆದೆ. ಒದ್ದೆ ಜೇಬಿನಿಂದ ಬಸ್ ಟಿಕೇಟು ಬಂದ ಹಾಗೆ,
ಹರಿಯದೆ, ಆದರೆ ಮನಸ್ಸಿಲ್ಲದೆ.
"ಅದೇ," ಎಂದ, ನನ್ನ ಮುಖ ನೋಡಿ.

ಎಲ್ಲ ಮುಚ್ಚಿ, ಪ್ಲಗ್ಗು ಬಿಗಿದು, ಸ್ಟಾರ್ಟ್ ಮಾಡಿದೆ.
ಹಾಯಾಗಿತ್ತು, ನನ್ನ ಕಿವಿಗೆ.
ಅವನು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಕವರಿನ ಮೇಲಿಟ್ಟು
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಅಜ್ಜನ ದವಡೆ ನಡುಗುವುದು ಕಾಣುತ್ತಿತ್ತು.
ಒಂದು, ಎರಡು, ಜರುಗುತ್ತಾ ಜರುಗುತ್ತಾ
ಒಂದು ಕಡೆ ನಿಂತ. ಹಲ್ಲು ಬಿಡಿಸಿ
"ಆರು," ಎಂದ.

ಆರಲಿ ಎಂದನೆಂದು ನಾನು ಕೀ ತಿರುಗಿಸಿ ಆರಿಸಿದೆ.
ಅವನು ಐದು ಬೆರಳಿನ ಪಕ್ಕ ಆ ವಾಲಿದ ಹೆಬ್ಬೆರಳು ಎತ್ತಿದ.
ಆರನೆಯದು. ಅದೂ ಸರಿ, ಇದೂ ಸರಿ:
ಎಂಜಿನ್ನು ತಣ್ಣಗಾಗದೆ ಅದನ್ನು ಮುಟ್ಟುವಂತಿಲ್ಲ.

ಬಂಪರಿನ ಮೇಲೆ ಇಬ್ಬರೂ ಕೂತಿದ್ದೇವೆ, ಟೀ ಕುಡಿದ ಲೋಟ ಕೆಳಗಿಟ್ಟು.
ಬಾಣಾವರದಿಂದ ಎರಡು ಸಲ ಫೋನು ಬಂತು, ಎತ್ತಲಿಲ್ಲ.
ಬೆನ್ನ ಹಿಂದೆ ಕಬ್ಬಿಣ ಆರುತ್ತಾ ಟಿಣ್, ಟಿಣ್ ಅನ್ನುತ್ತಿದೆ.
ಅವನಿಗೆ ಕೇಳಿಸಲೆಂದು ಅವನ ಮೊಣಕಾಲಿನ ಮೇಲೆ
ಅದೇ ಲಯದಲ್ಲಿ ಬೆರಳು ತಟ್ಟುತ್ತೇನೆ.
ಆರಕ್ಕೆ ಮೂರು ತೆರೆದಿರಬೇಕು.
ಹ್ಯಾಂಡಲ್ಲು ಆಗಲೇ ನನ್ನ ತೊಡೆಯ ಮೇಲಿದೆ,
ಹೆಬ್ಬೆರಳು ಈಚೆಗೆ.